ಬಾಯಿ ಜೋರಿನ ಮನೆ

"ಗುರುಗಳೇ, ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಮನೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾವ ಲಕ್ಷಣದಿಂದ ತಿಳಿಯಬೇಕು?" ಎಂದು ಶಿಷ್ಯ ಕೇಳಿದ.

ಭಕ್ತರೊಬ್ಬರು ನಡೆಸುತ್ತಿದ್ದ ಅಂಥದೊಂದು ಆರೈಕೆಮನೆಯನ್ನು ನೋಡಿಬರಲು ಗುರು ಅವನನ್ನು ಕಳಿಸಿದ್ದರು. ಅದರ ಹೊಣೆಯನ್ನು ಮಠ ಹೊರಬೇಕೋ ಬೇಡವೋ ಎಂಬುದು ಅವನು ತರುವ ಮಾತಿನ ಮೇಲೆ ನಿಂತಿತ್ತು.

"ನೀನು ಕಂಡದ್ದೇನು?" ಎಂದರು ಗುರು.

"ನೆಲ ಚೊಕ್ಕಟವಾಗಿದೆ. ಹಾಸಿಗೆಗಳು ಬೆಳ್ಳಗಿವೆ. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ. ಒಬ್ಬೊಬ್ಬರ ಹತ್ತಿರವೂ ಕುಳಿತು ಕೇಳಿದೆ. ಯಾರೂ ಒಂದು ದೂರು ಹೇಳಲಿಲ್ಲ. ಆದರೂ ಒಳ್ಳೆಯ ಮನೆ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಏಕೆಂದು ನನಗೇ ತಿಳಿಯದು."

ಗುರು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯ ಊರು. ಅಲ್ಲಿನ ವರ್ತಕರು ಕೂಡಿಕೊಂಡು ಒಂದು ಧರ್ಮದತ್ತಿ ಮಾಡಿದ್ದರು. ಆ ದತ್ತಿಯ ಕಾಳುಬೇಳೆಯಲ್ಲಿ ಎರಡು ಆರೈಕೆಮನೆಗಳು ನಡೆಯುತ್ತಿದ್ದವು. ಒಂದು ದೊಡ್ಡದು, ಊರಾಚೆಯ ದಿಬ್ಬದ ಮೇಲಿತ್ತು. ಇನ್ನೊಂದು ಚಿಕ್ಕದು, ಹತ್ತಿ ಅಂಗಡಿಗಳ ಹಿಂದಿನ ಓಣಿಯಲ್ಲಿತ್ತು.

ಚಿಕ್ಕ ಮನೆಯನ್ನು ಶಿವಗಂಗವ್ವ ಎಂಬ ದಾದಿ ನೋಡಿಕೊಳ್ಳುತ್ತಿದ್ದಳು. ಮೊದಲು ದಿಬ್ಬದ ಮನೆಯಲ್ಲೇ ಕೆಲಸಕ್ಕಿದ್ದವಳು. ಅದನ್ನು ಬಿಟ್ಟು ಬಂದದ್ದೇಕೆ ಎಂದು ಯಾರಾದರೂ ಕೇಳಿದರೆ, "ಅಲ್ಲಿ ನನ್ನ ಕಿವಿ ಮಂದವಾಗುತ್ತಿತ್ತು" ಎನ್ನುತ್ತಿದ್ದಳು. ಕೇಳಿದವರು ಅದನ್ನು ಕಿವಿಯ ಕಾಯಿಲೆ ಎಂದುಕೊಳ್ಳುತ್ತಿದ್ದರು.

ಅವಳ ಮನೆಯಲ್ಲಿ ಕೊಟ್ರವ್ವ ಎಂಬ ಮುದುಕಿ ಇದ್ದಳು. ಹರೆಯದಿಂದಲೂ ಪೇಟೆಯಲ್ಲಿ ಸೊಪ್ಪು ಮಾರಿದವಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಕಾಲಿನಿಂದ ಹೋದ ಕಸುವೆಲ್ಲ ಅವಳ ನಾಲಿಗೆಗೆ ಬಂದಿತ್ತು. ಬೆಳಿಗ್ಗೆ ಎದ್ದರೆ ಅನ್ನ ಮುದ್ದೆಯಾಯಿತೆಂದು ಬೈಯುವಳು. ಸಂಜೆಗೆ ದೀಪ ತಡವಾಯಿತೆಂದು ಬೈಯುವಳು. ನಡುವೆ ಹೊತ್ತು ಸಿಕ್ಕರೆ, ನಿನ್ನೆ ಬೈಯಲು ಮರೆತದ್ದನ್ನು ನೆನೆಸಿಕೊಂಡು ಬೈಯುವಳು. ಅವಳನ್ನು ನೋಡಿ ಉಳಿದವರೂ ಕಲಿತಿದ್ದರು. ಓಣಿಯವರು ಅದನ್ನು ಆರೈಕೆಮನೆ ಎನ್ನುತ್ತಿರಲಿಲ್ಲ, ಬಾಯಿ ಜೋರಿನ ಮನೆ ಎನ್ನುತ್ತಿದ್ದರು.

ಒಂದು ವರ್ಷ ದತ್ತಿಯ ವರ್ತಕರು ಸಭೆ ಸೇರಿದರು. ಎರಡು ಮನೆ ನಡೆಸುವುದು ಇನ್ನು ಆಗದ ಮಾತು, ಒಳ್ಳೆಯದನ್ನು ಉಳಿಸಿ ಇನ್ನೊಂದನ್ನು ಮುಚ್ಚುವುದು ಎಂದು ತೀರ್ಮಾನಿಸಿದರು. ಯಾವುದು ಒಳ್ಳೆಯದು ಎಂದು ನೋಡಿ ಹೇಳುವ ಕೆಲಸವನ್ನು ಪಂಪಣ್ಣನಿಗೆ ಒಪ್ಪಿಸಿದರು. ಪಂಪಣ್ಣ ಶಾಲೆಗಳ ತಪಾಸಣೆ ಮಾಡಿ ನಿವೃತ್ತನಾದವನು. ನೇರ ಮನುಷ್ಯ. ಯಾರ ಮನೆಯ ನೀರನ್ನೂ ಕುಡಿಯದೆ ಕೆಲಸ ಮಾಡಿದವನು.

ಸುದ್ದಿ ಚಿಕ್ಕ ಮನೆಗೂ ಬಂತು. ಅಡುಗೆಯ ರುದ್ರವ್ವ ಒಲೆಯ ಮುಂದೆ ಕುಳಿತು ಅತ್ತಳು. "ನಮ್ಮ ಮನೆ ಉಳಿಯುವುದಿಲ್ಲಕ್ಕಾ" ಎಂದಳು. "ಅವರು ಒಳಗೆ ಕಾಲಿಟ್ಟರೆ ಸಾಕು, ಕೊಟ್ರವ್ವ ಶುರು ಮಾಡುತ್ತಾಳೆ. ನೀನು ಒಂದು ಮಾತು ಹೇಳು. ಅವರು ಬಂದು ಹೋಗುವ ತನಕ ಬಾಯಿ ಮುಚ್ಚಿಕೊಂಡಿರಲಿ."

ಶಿವಗಂಗವ್ವ ಯೋಚಿಸಿದಳು. ಕೇಳುತ್ತಿರುವುದು ದೊಡ್ಡದೇನಲ್ಲ. ಮನೆ ಉಳಿದರೆ ಎಲ್ಲರಿಗೂ ಒಳ್ಳೆಯದು. ಕೊಟ್ರವ್ವನ ಹಾಸಿಗೆಯ ಹತ್ತಿರ ಹೋಗಿ ಕುಳಿತಳು. ಹೊದಿಕೆ ಸರಿ ಮಾಡಿದಳು. ದಿಂಬು ಸರಿ ಮಾಡಿದಳು.

"ಏನೋ ಕೇಳೋಕೆ ಬಂದಿದೀಯ. ಕೇಳೇ" ಎಂದಳು ಕೊಟ್ರವ್ವ.

ಶಿವಗಂಗವ್ವ ತಲೆ ತಗ್ಗಿಸಿ ಕೇಳಿದಳು.

ಕೊಟ್ರವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಆಯ್ತು ಬಿಡವ್ವಾ" ಎಂದಳು. ಅಷ್ಟೇ ಮಾತು.

ಆ ಮಧ್ಯಾಹ್ನ ರುದ್ರವ್ವ ಅನ್ನ ಬಡಿಸಿದಳು. ಅಳುತ್ತ ಮಾಡಿದ ಅಡುಗೆ, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಕೊಟ್ರವ್ವ ಒಂದು ತುತ್ತು ಬಾಯಿಗಿಟ್ಟಳು. ಎಲ್ಲರೂ ಅವಳ ಕಡೆ ನೋಡಿದರು. ಅವಳು ನುಂಗಿದಳು. ಇನ್ನೊಂದು ತುತ್ತು ಕಲಸಿದಳು. ಆಗ ಉಳಿದವರೂ ತಲೆ ಬಗ್ಗಿಸಿ ಉಣ್ಣತೊಡಗಿದರು. ಒಬ್ಬರೂ ಉಸಿರೆತ್ತಲಿಲ್ಲ. ಉಪ್ಪು ಸಾರನ್ನು ಕೊನೆಯ ತನಕ ಉಂಡು ಕೈ ತೊಳೆದರು.

ಶಿವಗಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಮೌನ ಅವಳಿಗೆ ಹೊಸದಲ್ಲ. ದಿಬ್ಬದ ಮನೆಯಲ್ಲಿ ಅಷ್ಟು ವರ್ಷ ಕೇಳಿದ್ದ ಮೌನವೇ ಅದು. ಅದರಿಂದಲೇ ಓಡಿ ಬಂದಿದ್ದಳು. ಈಗ ತನ್ನ ಕೈಯಾರೆ ಅದನ್ನು ಈ ಮನೆಗೆ ಕರೆದು ತಂದಿದ್ದಳು.

ಅವಳು ನೇರ ಕೊಟ್ರವ್ವನ ಹತ್ತಿರ ಹೋದಳು. "ಸಾರು ಹೇಗಿತ್ತವ್ವಾ?" ಎಂದಳು.

"ಚೆನ್ನಾಗಿತ್ತು."

"ಸುಳ್ಳು ಹೇಳಬೇಡ. ಬೈಯಿ."

"ನೀನೇ ಬೇಡ ಅಂದೆ."

"ನನ್ನದು ತಪ್ಪಾಯಿತು. ಇವತ್ತೂ ಬೈಯಿ, ಅವರು ಬಂದಾಗಲೂ ಬೈಯಿ. ಹೋದರೆ ಮನೆ ಹೋಗಲಿ."

ಕೊಟ್ರವ್ವ ಮೊಣಕೈ ಊರಿ ತಲೆ ಎತ್ತಿದಳು. ಆಮೇಲೆ ಅಡುಗೆಮನೆಗೆ ಕೇಳುವಂತೆ ಕೂಗಿದಳು: "ಏ ರುದ್ರಿ! ಉಪ್ಪಿನ ಮೂಟೆ ನಿಮ್ಮಪ್ಪ ತಂದು ಕೊಟ್ಟನೇನೇ?"

ಮನೆಗೆ ಜೀವ ಬಂತು.

ಪಂಪಣ್ಣ ಮೊದಲು ದಿಬ್ಬದ ಮನೆ ನೋಡಿದ. ಆಮೇಲೆ ಓಣಿಗೆ ಬಂದ. ಶಿವಗಂಗವ್ವ ಅವನನ್ನು ಒಳಗೆ ಕರೆದು, "ಯಾರನ್ನು ಬೇಕಾದರೂ ಮಾತನಾಡಿಸಿ" ಎಂದಳು. ಅವನು ಮಾತನಾಡಿಸಬೇಕಾದ ಪ್ರಮೇಯವೇ ಬರಲಿಲ್ಲ.

"ಬಾರಪ್ಪಾ, ಕೂತ್ಕೋ" ಎಂದಳು ಕೊಟ್ರವ್ವ. ಸ್ನಾನದ ನೀರು ತಣ್ಣಗಿರುತ್ತದೆ ಎಂದಳು. ಕಿಟಕಿಯ ಬಾಗಿಲು ಕಿತ್ತು ಹೋಗಿ ಗಾಳಿ ಬಡಿಯುತ್ತದೆ ಎಂದಳು. ತಲೆ ಬಾಚುವಾಗ ರುದ್ರವ್ವ ಕೂದಲು ಕೀಳುತ್ತಾಳೆ ಎಂದಳು. ಒಂದು ದಿನ ಶಿವಗಂಗವ್ವ ಮಾತ್ರೆ ಕೊಡಲು ಮರೆತಳು, ಕೇಳಿದರೆ ಕೊಟ್ಟಿದ್ದೇನೆ ಎಂದು ವಾದಿಸಿದಳು ಎಂದಳು.

"ನಿಜವೇನಮ್ಮಾ?" ಎಂದು ಪಂಪಣ್ಣ ಕೇಳಿದ.

"ಮಾತ್ರೆಯ ಮಾತು ನಿಜ" ಎಂದಳು ಶಿವಗಂಗವ್ವ. "ಮರೆತೆ, ವಾದವನ್ನೂ ಮಾಡಿದೆ. ಆಮೇಲೆ ಡಬ್ಬಿ ನೋಡಿ ತಪ್ಪು ಒಪ್ಪಿಕೊಂಡೆ. ಕಿಟಕಿಯೂ ನಿಜ. ನೀರಿನ ಮಾತು ಸುಳ್ಳು. ಬಿಸಿ ನೀರೇ ಇಟ್ಟಿದ್ದೆ. ಇವಳು ಪಕ್ಕದವಳ ಜೊತೆ ಜಗಳ ತೆಗೆದು ನೀರು ಆರಲು ಬಿಟ್ಟಳು."

"ಜಗಳ ಮುಗಿಯೋವರೆಗೆ ನೀರು ಕಾಯಬೇಕಿತ್ತು" ಎಂದಳು ಕೊಟ್ರವ್ವ.

ಆಚೆಯ ಹಾಸಿಗೆಯವಳು ಅದಕ್ಕೆ ತನ್ನದೊಂದು ಮಾತು ಸೇರಿಸಿದಳು. ಮೂಲೆಯ ಮುದುಕ ಎದ್ದು ಕುಳಿತು ತನ್ನದನ್ನು ಹೇಳಿದ. ಪಂಪಣ್ಣನಿಗೆ ಸಂತೆಯಲ್ಲಿ ನಿಂತ ಹಾಗಾಯಿತು.

ಮನೆಯ ಕೊನೆಯಲ್ಲಿ ಯಂಕೋಬಣ್ಣ ಎಂಬ ಮುದುಕ ಮಲಗಿದ್ದ. ಕಲ್ಲು ಕೆಲಸದವನು. ಲಕ್ವ ಹೊಡೆದು ಮಾತೆಲ್ಲ ಹೋಗಿ 'ಒಲ್ಲೆ' ಎಂಬ ಒಂದು ಮಾತು ಉಳಿದಿತ್ತು. ಹೊತ್ತು ನೆತ್ತಿಗೆ ಬಂದಿದ್ದರೂ ಅವನಿಗೆ ಸ್ನಾನ ಆಗಿರಲಿಲ್ಲ. ಗಡ್ಡದಲ್ಲಿ ಬೆಳಗಿನ ಗಂಜಿ ಒಣಗಿತ್ತು.

"ಇವನಿಗೆ ಇನ್ನೂ ಸ್ನಾನ ಮಾಡಿಸಿಲ್ಲವೇಕೆ?"

"ಬೆಳಿಗ್ಗೆ ಕೇಳಿದೆವು. ಒಲ್ಲೆ ಎಂದರು. ಆಮೇಲೆ ಇನ್ನೊಮ್ಮೆ ಕೇಳಿದೆವು, ಒಲ್ಲೆ ಎಂದರು. ಮತ್ತೆ ಕೇಳುತ್ತೇವೆ."

"ಅವನಿಗೆ ಬರುವುದೇ ಆ ಒಂದು ಮಾತು ಅಲ್ಲವೇ?"

"ಹೌದು. ಅದನ್ನೂ ಕೇಳದಿದ್ದರೆ ಅವರಿಗೆ ಉಳಿಯುವುದೇನು?"

ಪಂಪಣ್ಣ ಚಪ್ಪಲಿ ಮೆಟ್ಟಿ ಹೊರಟ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವನ ಧರ್ಮ. ಸಭೆಯಲ್ಲಿ ಹಾಗೆಯೇ ಹೇಳಿದ. "ದಿಬ್ಬದ ಮನೆಯಲ್ಲಿ ಹೊತ್ತು ಮೂಡುವ ಮೊದಲೇ ಎಲ್ಲರಿಗೂ ಸ್ನಾನವಾಗಿರುತ್ತದೆ. ದೂರು ಒಂದೂ ಇಲ್ಲ. ಓಣಿಯ ಮನೆಯಲ್ಲಿ ಗಾಳಿ, ಗಲಾಟೆ, ಹಾಸಿಗೆಗೊಂದು ದೂರು."

ದತ್ತಿಯ ಹಿರಿಯ ಒಬ್ಬ ಹತ್ತಿ ವರ್ತಕ. ಊರಿನವರು ಅವನನ್ನು ಧಣಿ ಎನ್ನುತ್ತಿದ್ದರು. ಅವನು ಶಿವಗಂಗವ್ವನನ್ನು ಕರೆಸಿ, "ನಿನ್ನ ಮಾತೇನಮ್ಮಾ?" ಎಂದು ಕೇಳಿದ.

"ಅವರು ಹೇಳಿದ್ದು ನಿಜ, ಧಣಿ."

ಧಣಿ ಕೆಟ್ಟವನಲ್ಲ. "ಹಾಗಾದರೆ ಇನ್ನೊಂದು ಅವಕಾಶ ಕೊಡುತ್ತೇನೆ. ಆ ಮನೆಯನ್ನು ಒಂದು ಶಿಸ್ತಿಗೆ ತಾ. ಮೊದಲು ಆ ಸೊಪ್ಪಿನ ಮುದುಕಿಯ ಬಾಯಿ ಮುಚ್ಚಿಸು" ಎಂದ.

"ಕಿಟಕಿ ಸರಿ ಮಾಡಿಸುತ್ತೇನೆ. ಮಾತ್ರೆ ಮರೆಯದ ಹಾಗೆ ನೋಡಿಕೊಳ್ಳುತ್ತೇನೆ. ಬಾಯಿ ಮುಚ್ಚಿಸಲಾರೆ."

"ಮುಚ್ಚಿಸದಿದ್ದರೆ ನಾನು ಮನೆಯನ್ನು ಮುಚ್ಚಿಸಬೇಕಾಗುತ್ತದೆ."

"ಮನೆ ನಿಮ್ಮದು ಧಣಿ, ಮುಚ್ಚಿಸಿ. ಬಾಯಿ ಅವರದು."

ಸಭೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಧಣಿಯ ಮುಖ ಕೆಂಪಾಯಿತು. ಗಾಡಿ ಕಳಿಸುತ್ತೇನೆ, ಎಲ್ಲರನ್ನೂ ದಿಬ್ಬಕ್ಕೆ ಸಾಗಿಸಿ ಎಂದು ಅಪ್ಪಣೆ ಮಾಡಿದ.

ಗಾಡಿಗಳು ಓಣಿಯ ಬಾಯಲ್ಲಿ ನಿಂತವು. ದಿಬ್ಬದ ಮನೆಯ ಆಳುಗಳು ಬಿಳಿ ಬಟ್ಟೆ ತೊಟ್ಟು ಇಳಿದರು. ಧಣಿಯೂ ಪಂಪಣ್ಣನೂ ಬಂದರು. ಹತ್ತಿ ಅಂಗಡಿಗಳವರು ಕೆಲಸ ಬಿಟ್ಟು ಬಂದು ನೋಡುತ್ತ ನಿಂತರು.

ಒಬ್ಬಳು ಮುದುಕಿಯೂ ಅವಳ ತಂಗಿಯೂ ಹೋಗುತ್ತೇವೆ ಎಂದರು. ಅವರಿಗೆ ಈ ಗಲಾಟೆ ಸಹಿಸಲು ಆಗುತ್ತಿರಲಿಲ್ಲ. ಶಿವಗಂಗವ್ವ ಅವರನ್ನು ತಡೆಯಲಿಲ್ಲ. ತಾನೇ ಕೈ ಹಿಡಿದು ಹತ್ತಿಸಿ, "ತಿರುಗಿ ಬರಬೇಕು ಅನ್ನಿಸಿದರೆ ಹೇಳಿ ಕಳಿಸಿ" ಎಂದಳು.

ಆಳುಗಳು ಕೊಟ್ರವ್ವನ ಹಾಸಿಗೆಯ ಹತ್ತಿರ ಬಂದರು. ಅವಳು ಮಂಚದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದಳು.

"ನಾ ಬರೋದಿಲ್ಲ" ಎಂದಳು.

ಧಣಿ ಮುಂದೆ ಬಂದ. "ಏನಮ್ಮಾ ಇದು? ಅನ್ನ ಮುದ್ದೆ ಅಂದವಳು ನೀನು. ನೀರು ತಣ್ಣಗೆ ಅಂದವಳು ನೀನು. ಅಲ್ಲಿ ಬಿಸಿ ಅನ್ನ, ಬಿಸಿ ನೀರು ಕೊಡುತ್ತಾರೆ. ಇನ್ನೇನು ಬೇಕು ನಿನಗೆ?"

"ಅಲ್ಲಿ ಅನ್ನ ಮುದ್ದೆಯಾದ ದಿನ ಯಾರಿಗೆ ಹೇಳಲಿ, ಧಣಿ?"

"ಅಲ್ಲಿ ಯಾರೂ ಅಂಥ ಮಾತು ಆಡುವುದಿಲ್ಲ."

"ಅದಕ್ಕೇ ಬರೋದಿಲ್ಲ ಅಂದೆ."

ಆಳುಗಳು ಅವಳನ್ನು ಬಿಟ್ಟು ಯಂಕೋಬಣ್ಣನ ಕಡೆ ತಿರುಗಿದರು. ಒಬ್ಬ ಹೆಗಲಿಗೆ, ಇನ್ನೊಬ್ಬ ಕಾಲಿಗೆ ಕೈ ಹಾಕಿದರು. ಯಂಕೋಬಣ್ಣ "ಒಲ್ಲೆ" ಎಂದ. ಅವರು ಕೇಳದವರಂತೆ ಎತ್ತಿದರು. ಅವನು ಇನ್ನೂ ಜೋರಾಗಿ "ಒಲ್ಲೆ" ಎಂದ.

ಶಿವಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. ತೋಳು ಚಾಚಿ ಎರಡೂ ಕಡೆಯ ಗೋಡೆ ಹಿಡಿದಳು. ರುದ್ರವ್ವ ಒಲೆ ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತಳು.

"ಒಲ್ಲೆ ಅಂದರು. ಕೇಳಿಸಲಿಲ್ಲವೇ? ಕೆಳಗಿಳಿಸಿ" ಎಂದಳು ಶಿವಗಂಗವ್ವ.

"ಅಪ್ಪಣೆಯಾಗಿದೆ" ಎಂದ ಆಳು.

"ಅವರ ಒಲ್ಲೆಯೂ ಅಪ್ಪಣೆಯೇ."

ಒಳಗಿನಿಂದ ಮುದುಕರೆಲ್ಲ ಒಂದೇ ಸಮನೆ ಕೂಗತೊಡಗಿದರು. ಬರೋದಿಲ್ಲ ಎಂದು ಒಬ್ಬರು, ಒಲ್ಲೆವು ಎಂದು ಇನ್ನೊಬ್ಬರು. ಎದ್ದು ನಿಲ್ಲಲಾರದವರು ತಟ್ಟೆ ಹಿಡಿದು ಮಂಚಕ್ಕೆ ಬಡಿದರು. ಓಣಿಯಲ್ಲಿ ನಿಂತವರಲ್ಲಿ ಒಬ್ಬ, "ಬಿಡ್ರಪ್ಪಾ, ಒಲ್ಲೆ ಅಂತಾರಲ್ಲ" ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ.

ಆಳುಗಳು ಯಂಕೋಬಣ್ಣನನ್ನು ಹಾಸಿಗೆಗೆ ಇಳಿಸಿದರು.

ಧಣಿಗೆ ಅವಮಾನವಾಗಿತ್ತು. "ಇದ್ದುಕೊಳ್ಳಿ. ಆದರೆ ದತ್ತಿಯ ಒಂದು ಕಾಳೂ ಇನ್ನು ಈ ಮನೆಗೆ ಬರುವುದಿಲ್ಲ" ಎಂದ.

"ಬರದಿದ್ದರೆ ಅದಕ್ಕೂ ಬೈತೀನಿ" ಎಂದು ಕೊಟ್ರವ್ವ ಒಳಗಿನಿಂದ ಕೂಗಿದಳು.

ಕಾಳು ಬರಲಿಲ್ಲ. ಅಕ್ಕಿ ಮುಗಿಯಿತು, ನವಣೆ ಬಂತು. ಹಾಲು ನಿಂತಿತು. ಪೇಟೆಯ ಸೊಪ್ಪಿನ ಹೆಂಗಸರು ಮಾರಿ ಉಳಿದ ಸೊಪ್ಪನ್ನು ತಂದು ಕೊಡುತ್ತಿದ್ದರು. ಕೊಟ್ರವ್ವ ಪ್ರತಿ ಕಟ್ಟನ್ನೂ ಬಿಚ್ಚಿ ನೋಡಿ, "ಬಾಡಿದ್ದನ್ನ ನಂಗೆ ತಂದ್ರೇನೇ?" ಎಂದು ಅವರನ್ನೂ ಬೈದಳು. ಅವರು ನಗುತ್ತ ಮಾರನೆಯ ದಿನ ಮತ್ತೆ ತಂದರು. ಹತ್ತಿ ಅಂಗಡಿಯವರು ಕಿಟಕಿಗೆ ಹಲಗೆ ಹೊಡೆದು ಕೊಟ್ಟರು. ಸುಖವಿತ್ತು ಎಂದು ಹೇಳಲಾಗದು. ಚಳಿಗೆ ಹೊದಿಕೆ ಸಾಲಲಿಲ್ಲ. ಶಿವಗಂಗವ್ವನ ಕೈಯ ಬಳೆಗಳು ಖರ್ಚಿಗೆ ಮಾರಿಹೋದವು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೇ ಎಷ್ಟೋ ಸಲ ಅನುಮಾನ ಬಂತು. ದಿಬ್ಬಕ್ಕೆ ಹೋದ ಅಕ್ಕತಂಗಿಯರಿಂದ ಏನೂ ಸುದ್ದಿ ಬರಲಿಲ್ಲ. ಅವರು ಸುಖವಾಗಿದ್ದರೋ, ಹೇಳಿ ಕಳಿಸಲು ಆಗಲಿಲ್ಲವೋ, ಯಾರಿಗೂ ತಿಳಿಯಲಿಲ್ಲ.

ಯಂಕೋಬಣ್ಣ ಆ ಮಳೆಗಾಲದಲ್ಲಿ ತೀರಿಕೊಂಡ. ಕೊನೆಯ ದಿನ ಶಿವಗಂಗವ್ವ ಅವನ ಬಾಯಿಗೆ ನೀರು ಹಿಡಿದಳು. ಒಲ್ಲೆ ಎಂದ. ಅವಳು ಲೋಟ ಕೆಳಗಿಟ್ಟು ಪಕ್ಕದಲ್ಲೇ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು. ಆಗ ಕುಡಿದ.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಗಾಡಿಯೊಂದು ಓಣಿಗೆ ಬಂತು. ಪಂಪಣ್ಣ ಇಳಿದ. ಗಾಡಿಯಲ್ಲಿ ಅವನ ತಾಯಿ ಮಲಗಿದ್ದಳು. ಕಾಲು ಸ್ವಾಧೀನ ತಪ್ಪಿತ್ತು.

"ತಾಯಿಯನ್ನು ಇಲ್ಲಿ ಬಿಡಬೇಕೆಂದು ಬಂದೆ" ಎಂದ.

"ದಿಬ್ಬದ ಮನೆ ಒಳ್ಳೆಯದು ಎಂದು ಹೇಳಿದವರು ನೀವು" ಎಂದಳು ಶಿವಗಂಗವ್ವ. ಅವಳ ದನಿ ಮೆತ್ತಗಿರಲಿಲ್ಲ.

"ಹೇಳಿದೆ. ನಿನ್ನೆ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಬಾಗಿಲ ತನಕ ಹೋಗಿ ನಿಂತೆ. ಒಳಗೆ ಅಷ್ಟು ಜನ ಇದ್ದರೂ ಒಂದು ಸದ್ದಿಲ್ಲ. ನಮ್ಮವ್ವ ಹುಟ್ಟಿದಾಗಿನಿಂದ ಸುಮ್ಮನಿದ್ದವಳಲ್ಲ. ಅವಳನ್ನು ಅಲ್ಲಿ ಬಿಟ್ಟು ಬರಲು ಕಾಲು ಏಳಲಿಲ್ಲ."

"ನಮ್ಮಲ್ಲಿ ಹಾಲಿಲ್ಲ. ಹೊದಿಕೆ ಸಾಲದು. ದೂರುಗಳು ಮೊದಲಿಗಿಂತ ಹೆಚ್ಚಿವೆ."

"ಗೊತ್ತು."

"ನಿಮಗೆ ಗೊತ್ತಿರುವುದು ಇರಲಿ. ಅವರನ್ನು ಕೇಳಿದಿರಾ?"

ಪಂಪಣ್ಣ ಗಾಡಿಯ ಕಡೆ ತಿರುಗಿ ನೋಡಿದ. ಕೇಳಿರಲಿಲ್ಲ.

ಶಿವಗಂಗವ್ವ ಗಾಡಿಯ ಹತ್ತಿರ ಹೋಗಿ ಬಗ್ಗಿದಳು. "ಅವ್ವಾ, ಇಲ್ಲಿ ಇರುತ್ತೀರಾ? ಬೇಡ ಅಂದರೆ ಬೇಡ" ಎಂದಳು.

ಮುದುಕಿ ತಲೆ ಎತ್ತಿ ಕಿವಿಗೊಟ್ಟಳು. ಒಳಗೆ ಕೊಟ್ರವ್ವ ನವಣೆ ಅನ್ನಕ್ಕೆ ಬೈಯುತ್ತಿದ್ದಳು.

"ಹಂಗೆ ಕೂಗ್ತಿರೋಳು ಯಾರು?"

"ಕೊಟ್ರವ್ವ ಅಂತ."

"ಇರ್ತೀನಿ" ಎಂದಳು ಮುದುಕಿ. "ಆದರೆ ಅವಳ ಪಕ್ಕದ ಹಾಸಿಗೆ ನಂಗೆ ಬ್ಯಾಡ."

ಶಿವಗಂಗವ್ವ ಸೆರಗು ಕಟ್ಟಿ ಒಳಗೆ ಹೋಗಿ ಹಾಸಿಗೆಯನ್ನು ಬೇರೆ ಕಡೆ ಹಾಕಿದಳು.

ಗುರು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ನನ್ನ ಮನಸ್ಸು ಒಪ್ಪದಿದ್ದುದು ಇದಕ್ಕೇ. ದೂರು ಇಲ್ಲದಿರುವುದು ಲಕ್ಷಣವಲ್ಲ, ದೂರಲು ಅಂಜಿಕೆ ಇಲ್ಲದಿರುವುದು ಲಕ್ಷಣ. ನಾಳೆಯೇ ಆ ಮನೆಗೆ ಮತ್ತೆ ಹೋಗುತ್ತೇನೆ. ಅವರು ಯಾರಿಗೆ ಅಂಜುತ್ತಿದ್ದಾರೆ ಎಂದು ನೋಡಿ ಬರುತ್ತೇನೆ" ಎಂದು ಎದ್ದು ನಿಂತ.

"ಹೋಗುವೆಯಂತೆ, ಕುಳಿತುಕೋ" ಎಂದರು ಗುರು. "ಇಷ್ಟು ವರ್ಷ ಈ ಮಠದಲ್ಲಿ ನನ್ನೊಡನೆ ಇದ್ದೀಯೆ, ಮೊದಲು ನನ್ನ ಮೇಲೆ ಒಂದು ದೂರು ಹೇಳು."

ಶಿಷ್ಯ ಬಾಯಿ ತೆರೆಯಲಿಲ್ಲ.